ಪಕ್ಷದ ಜಗಳ, ದೇಶದ ಬಿಲ್: ಬ್ರೆಕ್ಸಿಟ್‌ನ ಮೂರೂವರೆ ವರ್ಷ

ಇವತ್ತಿನ ಎಪಿಸೋಡನ್ನ ಒಂದು ಸಂಖ್ಯೆಯಿಂದ ಶುರು ಮಾಡೋಣ: 1 ಲಕ್ಷ 59 ಸಾವಿರ.

2019ರ ಜುಲೈನಲ್ಲಿ ಬ್ರಿಟನ್‌ಗೆ ಹೊಸ ಪ್ರಧಾನಿ ಯಾರು ಅಂತ ತೀರ್ಮಾನ ಮಾಡೋ ಹಕ್ಕು ಇದ್ದದ್ದು ಹೆಚ್ಚುಕಮ್ಮಿ ಇಷ್ಟೇ ಜನಕ್ಕೆ. ಇವರೆಲ್ಲ ಕನ್ಸರ್ವೇಟಿವ್ ಪಕ್ಷಕ್ಕೆ ಚಂದಾ ಕಟ್ಟಿದ ಸದಸ್ಯರು. ಇಡೀ ದೇಶದ ಮತದಾರರು ನಾಲ್ಕೂವರೆ ಕೋಟಿಗಿಂತ ಜಾಸ್ತಿ. ನಮ್ಮ ಕರ್ನಾಟಕದ ಒಂದು ವಿಧಾನಸಭಾ ಕ್ಷೇತ್ರದಲ್ಲೇ ಸರಾಸರಿ ಇದಕ್ಕಿಂತ ಹೆಚ್ಚು ವೋಟರ್ಸ್ ಇರ್ತಾರೆ. ಬೋರಿಸ್ ಜಾನ್ಸನ್‌ಗೆ 92,153 ಮತ ಬಂತು, ಜೆರೆಮಿ ಹಂಟ್‌ಗೆ 46,656. ಜಾನ್ಸನ್ ಪ್ರಧಾನಿ ಆದ್ರು.

ಆ ಕುರ್ಚಿ ಜೊತೆ ಅವರ ಕೈಗೆ ಸಿಕ್ಕಿದ್ದು 27 ದೇಶಗಳ ಜೊತೆಗಿನ ಬ್ರಿಟನ್‌ನ ವ್ಯಾಪಾರದ ಭವಿಷ್ಯ. ಒಂದು ಪಕ್ಷದ ಒಳಗಿನ ಎಲೆಕ್ಷನ್‌ಗೂ ಬಂದರಿನಲ್ಲಿ ನಿಂತಿರೋ ಕಂಟೇನರ್‌ಗೂ ಏನು ಸಂಬಂಧ? ಅದನ್ನೇ ಇವತ್ತು ಬಿಡಿಸಿ ನೋಡೋಣ.

ಮೊದಲು ಬೇಸಿಕ್ಸ್. ಐರೋಪ್ಯ ಒಕ್ಕೂಟದಲ್ಲಿ ಎರಡು ಮುಖ್ಯ ವ್ಯವಸ್ಥೆ ಇವೆ. ಒಂದು ಕಸ್ಟಮ್ಸ್ ಯೂನಿಯನ್. ಒಳಗಡೆ ಸುಂಕ ಇಲ್ಲ, ಹೊರಗಿನಿಂದ ಬರೋ ಮಾಲಿಗೆ ಎಲ್ಲರದೂ ಒಂದೇ ಸುಂಕ. ಎರಡನೇದು ಸಿಂಗಲ್ ಮಾರ್ಕೆಟ್, ಅಂದ್ರೆ ಎಲ್ಲ ಕಡೆ ಒಂದೇ ಥರದ ನಿಯಮ. ಬ್ರಿಟನ್ ಒಳಗಿದ್ದಾಗ ಇಂಗ್ಲೆಂಡ್‌ನಲ್ಲಿ ಪಾಸಾದ ಮಾಲನ್ನ ಫ್ರಾನ್ಸ್‌ನಲ್ಲಿ ಮತ್ತೆ ಪರೀಕ್ಷೆ ಮಾಡೋ ಹಾಗಿರಲಿಲ್ಲ. ಇದಕ್ಕೊಂದು ಷರತ್ತೂ ಇದೆ: ಒಳಗಿರೋ ತನಕ ಯಾವ ದೇಶವೂ ಹೊರಗಿನವರ ಜೊತೆ ಸ್ವಂತವಾಗಿ ವ್ಯಾಪಾರ ಒಪ್ಪಂದ ಮಾಡ್ಕೊಳ್ಳೋ ಹಾಗಿಲ್ಲ. ಈ ಷರತ್ತನ್ನ ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಕತೆ ಶುರುವಾಗೋದು 2013ರ ಜನವರಿಯಲ್ಲಿ. ಪ್ರಧಾನಿ ಡೇವಿಡ್ ಕ್ಯಾಮರಾನ್‌ಗೆ ಎರಡು ತಲೆನೋವು. ಪಕ್ಷದ ಒಳಗೆ ಯುರೋಪ್ ವಿರೋಧಿ ಬಣ, ಹೊರಗೆ ಅದೇ ವೋಟುಗಳಿಗೆ ಕೈ ಹಾಕ್ತಿದ್ದ ಯುಕಿಪ್ ಪಕ್ಷ. ಮುಂದಿನ ಚುನಾವಣೆ ಗೆದ್ರೆ ಜನಮತಗಣನೆ ಮಾಡಿಸ್ತೀನಿ ಅಂತ ಮಾತು ಕೊಟ್ರು. 2015ರಲ್ಲಿ ಗೆದ್ರು, ಮಾತು ಉಳಿಸ್ಕೊಂಡ್ರು. 2016ರ ಜೂನ್ 23ರಂದು ಒಕ್ಕೂಟ ಬಿಡೋಣ ಅಂದೋರು ಶೇ 51.9, ಇರೋಣ ಅಂದೋರು ಶೇ 48.1. ಮರುದಿನ ಡಾಲರ್ ಎದುರು ಪೌಂಡ್ 31 ವರ್ಷದಲ್ಲೇ ಕೆಳಗಿನ ಮಟ್ಟಕ್ಕೆ ಬಿತ್ತು. ಕ್ಯಾಮರಾನ್ ರಾಜೀನಾಮೆ ಘೋಷಿಸಿದ್ರು.

ಇಲ್ಲೊಂದು ಸೂಕ್ಷ್ಮ ಇದೆ. ಮತಪತ್ರದಲ್ಲಿ ಕೇಳಿದ್ದು ಇರಬೇಕಾ, ಬಿಡಬೇಕಾ ಅಂತ ಮಾತ್ರ. ಬಿಟ್ಟು ಎಲ್ಲಿಗೆ ಹೋಗೋದು ಅಂತ ಯಾರೂ ಕೇಳಿರಲಿಲ್ಲ. ನಾರ್ವೆ ಥರ ಸಿಂಗಲ್ ಮಾರ್ಕೆಟ್ ಒಳಗೇ ಇರಬಹುದಿತ್ತು. ಕೆನಡಾ ಥರ ಬರೀ ವ್ಯಾಪಾರ ಒಪ್ಪಂದ ಮಾಡ್ಕೋಬಹುದಿತ್ತು. ಇಲ್ಲಾಂದ್ರೆ ಯಾವ ಒಪ್ಪಂದವೂ ಇಲ್ಲದೆ ಎದ್ದು ಬರಬಹುದಿತ್ತು, ಆಗ ಯುರೋಪ್‌ಗೆ ಹೋಗೋ ಒಂದೊಂದು ಕಾರಿನ ಮೇಲೂ ಶೇ 10 ಸುಂಕ. ಕನ್ಸರ್ವೇಟಿವ್ ಪಕ್ಷದಲ್ಲಿ ಒಂದೊಂದು ದಾರಿಗೂ ಒಂದೊಂದು ಬಣ ಇತ್ತು. ಯಾವುದನ್ನ ಆರಿಸಿದ್ರೂ ಒಂದು ಬಣ ತಿರುಗಿ ಬೀಳೋದು ಖಚಿತ. ಆರಿಸದೇ ಇದ್ರೆ ಮಾತ್ರ ಕುರ್ಚಿ ಉಳಿಯುತ್ತೆ.

ತೆರೇಸಾ ಮೇ 2016ರ ಜುಲೈ 13ರಂದು ಪ್ರಧಾನಿ ಆದಾಗ ಇದ್ದ ಪರಿಸ್ಥಿತಿ ಇದು. ಎದುರಾಳಿ ಹಿಂದೆ ಸರಿದದ್ದರಿಂದ ಅವರಿಗೆ ಪಕ್ಷದ ಸದಸ್ಯರ ಮತವೂ ಬೇಕಾಗಲಿಲ್ಲ. 'ಬ್ರೆಕ್ಸಿಟ್ ಅಂದ್ರೆ ಬ್ರೆಕ್ಸಿಟ್' ಅಂತ ಹೇಳ್ಕೊಂಡೇ ತಿಂಗಳುಗಳನ್ನ ತಳ್ಳಿದ್ರು. 2017ರ ಮಾರ್ಚ್ 29ರಂದು 50ನೇ ವಿಧಿ ಜಾರಿ ಮಾಡಿದ್ರು, ಎರಡು ವರ್ಷದ ಗಡಿಯಾರ ಓಡೋಕೆ ಶುರುವಾಯ್ತು. ಗಡಿಯಾರ ಓಡ್ತಿರುವಾಗಲೇ ಜೂನ್‌ನಲ್ಲಿ ಅವಧಿಗೆ ಮುಂಚೆ ಚುನಾವಣೆ ಮಾಡಿ, ಇದ್ದ ಬಹುಮತವನ್ನೂ ಕಳ್ಕೊಂಡ್ರು. ಉತ್ತರ ಐರ್ಲೆಂಡ್‌ನ ಡಿಯುಪಿ ಅನ್ನೋ ಪಕ್ಷದ 10 ಸಂಸದರನ್ನ ನಂಬ್ಕೊಂಡು ಸರ್ಕಾರ ನಡೆಸಬೇಕಾಯ್ತು.

ಪಕ್ಷದ ಒಂದು ನಿಯಮವನ್ನೂ ಗಮನಿಸಿ. ಆಗ ನಾಯಕರ ಮೇಲೆ ವಿಶ್ವಾಸ ಇಲ್ಲ ಅಂತ ಪಕ್ಷದ ಶೇ 15 ಸಂಸದರು ಪತ್ರ ಬರೆದ್ರೆ ಮತದಾನ ನಡೀಲೇಬೇಕಿತ್ತು. 2018ರಲ್ಲಿ ಅದಕ್ಕೆ 48 ಪತ್ರ ಸಾಕಿತ್ತು. ಎಷ್ಟು ಪತ್ರ ಬಂದಿವೆ ಅಂತ ಗೊತ್ತಿರೋದು 1922 ಕಮಿಟಿ ಅನ್ನೋ ಸಂಸದರ ಸಮಿತಿಯ ಅಧ್ಯಕ್ಷರಿಗೆ ಮಾತ್ರ. ಪ್ರಧಾನಿಗೂ ಗೊತ್ತಿರಲ್ಲ! ಆ ಜುಲೈನಲ್ಲಿ ಪ್ರಧಾನಿಯ ಹಳ್ಳಿಮನೆ ಚೆಕರ್ಸ್‌ನಲ್ಲಿ ಮೇ ಕೊನೆಗೂ ಒಂದು ಯೋಜನೆ ಮುಂದಿಟ್ರು. ಕೆಲವೇ ದಿನದಲ್ಲಿ ಡೇವಿಡ್ ಡೇವಿಸ್, ಬೋರಿಸ್ ಜಾನ್ಸನ್ ಇಬ್ಬರೂ ಸಂಪುಟ ಬಿಟ್ಟು ನಡೆದ್ರು. ಡಿಸೆಂಬರ್ 12ರಂದು ಪತ್ರಗಳು ಮತದಾನ ಆದವು. ಮೇ 200–117ರಲ್ಲಿ ಉಳ್ಕೊಂಡ್ರು. ಒಂದು ತಿಂಗಳ ನಂತರ, 2019ರ ಜನವರಿ 15ರಂದು, ಅವರ ಒಪ್ಪಂದವನ್ನ ಸಂಸತ್ತು 432–202ರಲ್ಲಿ ತಿರಸ್ಕರಿಸ್ತು. ಸ್ವಂತ ಪಕ್ಷದ ನೂರಕ್ಕಿಂತ ಹೆಚ್ಚು ಜನ ವಿರುದ್ಧ ಕೈ ಎತ್ತಿದ್ರು.

ಈಗ ಬಿಲ್ ಯಾರು ಕಟ್ಟಿದ್ದು ಅಂತ ನೋಡೋಣ. ಬಿ.ಕಾಂ ಓದಿದೋರಿಗೆ ಇದು ಬೇಗ ಅರ್ಥ ಆಗುತ್ತೆ. ಶೇ 10 ಸುಂಕ ಬರುತ್ತೆ ಅಂತ ಗೊತ್ತಿದ್ರೆ ಕಂಪನಿ ಅದನ್ನ ಕಾಸ್ಟಿಂಗ್‌ನಲ್ಲಿ ಸೇರಿಸುತ್ತೆ. ನಷ್ಟವೇ, ಆದ್ರೆ ಲೆಕ್ಕಕ್ಕೆ ಸಿಗೋ ನಷ್ಟ. ಸುಂಕ ಸೊನ್ನೆನೋ ಹತ್ತೋ ಗೊತ್ತಿಲ್ಲ, ಯಾವ ತಾರೀಖಿಂದ ಅನ್ನೋದೂ ಗೊತ್ತಿಲ್ಲ ಅಂದ್ರೆ? ಹೊಸ ಮೆಷಿನ್ ಆರ್ಡರ್ ಮುಂದಕ್ಕೆ ಹೋಗುತ್ತೆ, ಹೊಸ ನೇಮಕಾತಿ ನಿಲ್ಲುತ್ತೆ. ಜನಮತಗಣನೆ ಆದ ನಂತರದ ವರ್ಷಗಳಲ್ಲಿ ಬ್ರಿಟನ್‌ನ ಉದ್ಯಮ ಹೂಡಿಕೆ ಹೆಚ್ಚುಕಮ್ಮಿ ನಿಂತಲ್ಲೇ ನಿಂತಿತ್ತು.

ಒಂದು ಉದಾಹರಣೆ ಕೊಡ್ತೀನಿ. ಆಕ್ಸ್‌ಫರ್ಡ್‌ನಲ್ಲಿ ಬಿಎಂಡಬ್ಲ್ಯುನ ಮಿನಿ ಕಾರ್ ಕಾರ್ಖಾನೆ ಇದೆ. ಪ್ರತಿ ಬೇಸಿಗೆ ರಿಪೇರಿ ಕೆಲಸಕ್ಕೆ ಕೆಲವು ವಾರ ಮುಚ್ಚುತ್ತೆ. ಮಾರ್ಚ್ 29ಕ್ಕೆ ಬ್ರೆಕ್ಸಿಟ್ ಆದ್ರೆ ಬಿಡಿಭಾಗಗಳು ಬಂದರಲ್ಲಿ ಸಿಕ್ಕಿಹಾಕ್ಕೋಬಹುದು ಅಂತ ಆ ರಜೆಯನ್ನ 2019ರ ಏಪ್ರಿಲ್‌ಗೇ ತಂದ್ರು. ಏಪ್ರಿಲ್ ಬಂತು, ಕಾರ್ಖಾನೆ ಮುಚ್ಚಿತು, ಬ್ರೆಕ್ಸಿಟ್ ಮಾತ್ರ ಬರಲಿಲ್ಲ. ತಾರೀಖು ಏಪ್ರಿಲ್ 12ಕ್ಕೆ ಹೋಯ್ತು, ಅಲ್ಲಿಂದ ಅಕ್ಟೋಬರ್ 31ಕ್ಕೆ, ಅಲ್ಲಿಂದ 2020ರ ಜನವರಿ 31ಕ್ಕೆ. ಅಷ್ಟರೊಳಗೆ ಸರ್ಕಾರ ತುರ್ತು ಸಾಗಾಟಕ್ಕೆ ಅಂತ ಒಂದೂ ಹಡಗಿಲ್ಲದ ಕಂಪನಿಗೆ 1.38 ಕೋಟಿ ಪೌಂಡ್‌ಗಳ ಗುತ್ತಿಗೆ ಕೊಟ್ಟು, ಆಮೇಲೆ ರದ್ದು ಮಾಡಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಹಾಗೆ.

ಇನ್ನೊಂದು ಕಡೆಯ ವಾದವನ್ನೂ ಕೇಳಬೇಕು. ಪಕ್ಷವೇ ನಾಯಕನನ್ನ ಆರಿಸೋದು ಸಂಸದೀಯ ಪದ್ಧತಿಯಲ್ಲಿ ಮಾಮೂಲಿ, ನಮ್ಮಲ್ಲೂ ಇದೆ. ಜಾನ್ಸನ್ ಐದೇ ತಿಂಗಳಲ್ಲಿ, ಡಿಸೆಂಬರ್ 12ರಂದು, ಜನರ ಮುಂದೆ ಹೋಗಿ 80 ಸ್ಥಾನದ ಬಹುಮತ ತಗೊಂಡ್ರು. ಲೇಬರ್ ಪಕ್ಷವೂ ಈ ವಿಷಯದಲ್ಲಿ ಒಡೆದಿತ್ತು. ಇದೆಲ್ಲ ನಿಜ. ಆದ್ರೆ ಕಷ್ಟದ ಆಯ್ಕೆಯನ್ನ ಜನರ ಮುಂದೆ ಇಡದೆ ಪಕ್ಷದ ಒಳಗೇ ಬಚ್ಚಿಟ್ಕೊಂಡ ಮೂರೂವರೆ ವರ್ಷ ವಾಪಸ್ ಬರಲಿಲ್ಲ.

ಇದರ ಬಿಸಿ ಬೆಂಗಳೂರಿಗೂ ತಟ್ಟಿತ್ತು. 2016ರ ನವೆಂಬರ್‌ನಲ್ಲಿ ಮೇ ಇಲ್ಲಿಗೆ ಬಂದಿದ್ರು, ಹಲಸೂರಿನ ಸೋಮೇಶ್ವರ ದೇವಸ್ಥಾನಕ್ಕೆ ಸೀರೆ ಉಟ್ಕೊಂಡು ಹೋಗಿದ್ದು ನೆನಪಿರಬಹುದು. ಬಂದದ್ದು ವ್ಯಾಪಾರದ ಮಾತಿಗೆ. ಆದ್ರೆ ಒಕ್ಕೂಟದ ಒಳಗಿರೋ ತನಕ ಸ್ವಂತ ಒಪ್ಪಂದ ಮಾಡೋ ಹಾಗಿಲ್ಲ ಅಂತ ಆಗ್ಲೇ ಹೇಳಿದ್ನಲ್ಲ, ಆ ಷರತ್ತು ಇನ್ನೂ ಇತ್ತು. ಮಾತುಕತೆ ಅಧಿಕೃತವಾಗಿ ಶುರುವಾಗಿದ್ದೇ 2022ರ ಜನವರಿಯಲ್ಲಿ. ದೀಪಾವಳಿ ಒಳಗೆ ಮುಗಿಸೋಣ ಅಂತ ದೆಹಲಿಯಲ್ಲಿ ಜಾನ್ಸನ್ ಹೇಳಿದ್ರು. ದೀಪಾವಳಿ ಬರೋ ಹೊತ್ತಿಗೆ ಜಾನ್ಸನ್ ಕುರ್ಚಿ ಹೋಗಿತ್ತು, ಲಿಜ್ ಟ್ರಸ್ ಬಂದು ಏಳೇ ವಾರಕ್ಕೆ ಸೋತಿದ್ರು. ಅಕ್ಟೋಬರ್ 24, ಸರಿಯಾಗಿ ದೀಪಾವಳಿ ದಿನವೇ ಬೆಂಗಳೂರಿನ ಅಳಿಯ ರಿಷಿ ಸುನಕ್ ಪಕ್ಷದ ನಾಯಕ ಆದ್ರು. ಹಬ್ಬ ಆಯ್ತು, ಒಪ್ಪಂದ ಆಗಲಿಲ್ಲ. ಸಹಿ ಬಿದ್ದದ್ದು 2025ರ ಜುಲೈ 24ರಂದು. ಅಷ್ಟೊತ್ತಿಗೆ ಕನ್ಸರ್ವೇಟಿವ್ ಪಕ್ಷ ಅಧಿಕಾರದಲ್ಲೇ ಇರಲಿಲ್ಲ. ಸಹಿ ಹಾಕಿದ ಜಾಗ? ಮೇ ಅವರ ಸಂಪುಟ ಒಡೆದಿತ್ತಲ್ಲ, ಅದೇ ಚೆಕರ್ಸ್.

ಹಾಗಾಗಿ ಯಾವುದೇ ದೇಶದ 'ನಾಯಕತ್ವ ಬದಲಾವಣೆ' ಸುದ್ದಿ ನಿಮ್ಮ ಫೋನ್‌ಗೆ ಬಂದಾಗ, ಯಾರು ಗೆಲ್ತಾರೆ ಅನ್ನೋದರ ಜೊತೆ ಇನ್ನೆರಡು ಪ್ರಶ್ನೆ ಕೇಳಿ. ಇಲ್ಲಿ ಮತ ಹಾಕ್ತಿರೋದು ಎಷ್ಟು ಜನ? ಈ ಜಗಳ ಮುಗಿಯೋ ತನಕ ಯಾವ ನಿರ್ಧಾರ ಕಾಯ್ತಾ ಕೂತಿದೆ? ಎರಡನೇ ಪ್ರಶ್ನೆಯ ಉತ್ತರದಲ್ಲಿ ಯಾರದೋ ಕೆಲಸ, ಯಾರದೋ ಸಂಬಳ ಇರುತ್ತೆ.