ಕ್ರಿಯೆ ಮತ್ತು ಪ್ರತಿಕ್ರಿಯೆ
(ಜಯನಗರದ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಪ್ರತಿಯೊಂದು ಕ್ರಿಯೆಗೂ ಸಮನೂ ವಿರುದ್ಧವೂ ಆದ ಪ್ರತಿಕ್ರಿಯೆಯುಂಟೆಂಬುದು ಶಾಲೆಯ ಮಕ್ಕಳಿಗೂ ಕಂಠಪಾಠವಾಗಿರುವ ವಿಷಯ. ನ್ಯೂಟನ್ ಮಹಾಶಯನು 1687ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಚಲನೆಯ ಮೂರನೆಯ ನಿಯಮವೆಂದು ಸ್ಥಾಪಿಸಿದನು. ಧರ್ಮಸಭೆಗಳಲ್ಲಿ ಉಪನ್ಯಾಸಕರು ಇದನ್ನು ಉದಾಹರಿಸಿ, ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಗೆ ವಿಜ್ಞಾನವೇ ಸಾಕ್ಷಿ ನುಡಿಯಿತೆಂದು ಹರ್ಷಪಡುವುದುಂಟು. ಆ ಹರ್ಷದಲ್ಲಿ ನಾನು ಪಾಲುಗೊಳ್ಳಲಾರೆ. ಕರ್ಮಫಲವು ಮಾಡಿದ ಮೇಲೆ ಬರತಕ್ಕದ್ದು. ಪ್ರತಿಕ್ರಿಯೆಯಾದರೋ ಕ್ರಿಯೆಯೊಡನೆಯೇ ಹುಟ್ಟಿ ಅದರೊಡನೆಯೇ ಅಡಗುವುದು. ಕರ್ಮಕ್ಕೆ ಕರ್ತೃವೊಬ್ಬನುಂಟು; ಇಲ್ಲಿ ಎರಡು ವಸ್ತುಗಳು ಒಂದನ್ನೊಂದು ಒತ್ತುವಾಗ ಯಾವುದು ಕ್ರಿಯೆ, ಯಾವುದು ಪ್ರತಿಕ್ರಿಯೆ ಎಂಬುದು ನಾವಿಟ್ಟ ಹೆಸರು ಮಾತ್ರ. ಪುಣ್ಯಪಾಪಗಳ ಗಣನೆ ಇದರಲ್ಲಿ ಎಳ್ಳಷ್ಟೂ ಇಲ್ಲ. ಧರ್ಮಕ್ಕೆ ತನ್ನದೇ ಆದ ಆಧಾರವಿದೆ. ಅದನ್ನು ಹೊರಲು ನ್ಯೂಟನ್ನನ ಹೆಗಲು ಬೇಕಾಗಿಲ್ಲ. ಅನುಭವಮಂಟಪದ ಪರಂಪರೆಯವರಾದ ನಾವು ನಿಯಮದ ನಿಜವಾದ ಅರ್ಥವನ್ನೇ ವಿಚಾರಿಸೋಣ.

ಪೂಜೆಯ ವೇಳೆ ಕರಸ್ಥಲದಲ್ಲಿರುವ ಇಷ್ಟಲಿಂಗವನ್ನು ಗಮನಿಸಿರಿ. ಲಿಂಗವು ಅಂಗೈಯನ್ನು ಕೆಳಕ್ಕೆ ಒತ್ತುವುದು. ಅಂಗೈ ಲಿಂಗವನ್ನು ಅಷ್ಟೇ ಬಲದಿಂದ ಮೇಲಕ್ಕೆ ಒತ್ತುವುದು. ಇದೊಂದು ಜೋಡಿ. ಭೂಮಿಯು ಲಿಂಗವನ್ನು ಸೆಳೆಯುವುದು. ಲಿಂಗವೂ ಅಷ್ಟೇ ಬಲದಿಂದ ಭೂಮಿಯನ್ನು ಸೆಳೆಯುವುದು. ಇದು ಬೇರೊಂದು ಜೋಡಿ. ಭೂಮಿಯ ಸೆಳೆತವನ್ನೂ ಅಂಗೈಯ ಒತ್ತನ್ನೂ ಒಂದೇ ಜೋಡಿಯೆಂದು ಅನೇಕರು ಭ್ರಮಿಸುವರು. ಅವೆರಡೂ ಲಿಂಗವೊಂದರ ಮೇಲೆಯೇ ಬೀಳುವುದರಿಂದ ಜೋಡಿಯಾಗಲಾರವು. ಜೋಡಿಯ ಬಲಗಳು ಯಾವಾಗಲೂ ಎರಡು ಬೇರೆ ವಸ್ತುಗಳ ಮೇಲೆ ಬೀಳತಕ್ಕವು. ಈ ಸೂಕ್ಷ್ಮವನ್ನು ಹಿಡಿದರೆ ಉಳಿದುದೆಲ್ಲ ಸುಲಭ.

ಹಗ್ಗದಿಂದ ಕಲ್ಲನ್ನೆಳೆಯುವ ಕುದುರೆಯೂ ಅಷ್ಟೇ ಬಲದಿಂದ ಕಲ್ಲಿನ ಕಡೆಗೆ ಎಳೆಯಲ್ಪಡುವುದೆಂಬ ದೃಷ್ಟಾಂತವನ್ನು ನ್ಯೂಟನ್ನನೇ ಕೊಟ್ಟಿದ್ದಾನೆ. ನಮಗೆ ಕುದುರೆಗಿಂತ ರಥೋತ್ಸವವೇ ಹತ್ತಿರದ್ದು. ಭಕ್ತರು ತೇರನ್ನು ಮುಂದಕ್ಕೆಳೆದಷ್ಟೇ ಬಲದಿಂದ ತೇರು ಭಕ್ತರನ್ನು ಹಿಂದಕ್ಕೆಳೆಯುವುದಾದರೆ, ತೇರು ನಡೆಯುವುದಾದರೂ ಹೇಗೆ? ಬುದ್ಧಿವಂತ ಹುಡುಗನು ಕೇಳತಕ್ಕ ಪ್ರಶ್ನೆಯೇ ಸರಿ. ತೇರಿನ ಮೇಲೆ ಬೀಳುವ ಬಲಗಳನ್ನು ಮಾತ್ರ ಎಣಿಸಿರಿ: ಮುಂದಕ್ಕೆ ಹಗ್ಗದ ಎಳೆತ, ಹಿಂದಕ್ಕೆ ಗಾಲಿಗಳ ತಡೆ. ಎಳೆತವು ತಡೆಯನ್ನು ಮೀರಿದರೆ ನಿಂತ ತೇರು ಹೊರಡುವುದು. ತೇರು ಭಕ್ತರನ್ನೆಳೆಯುವ ಬಲವು ಭಕ್ತರ ಲೆಕ್ಕಕ್ಕೆ ಸೇರಿದ್ದು, ತೇರಿನ ಲೆಕ್ಕಕ್ಕಲ್ಲ. ಭಕ್ತರನ್ನು ಮುಂದಕ್ಕೊಯ್ಯುವುದು ಯಾವುದು? ಅವರು ಪಾದಗಳಿಂದ ನೆಲವನ್ನು ಹಿಂದಕ್ಕೆ ಒತ್ತುವರು. ನೆಲವು ಅವರನ್ನು ಮುಂದಕ್ಕೆ ಒತ್ತುವುದು. ಮಳೆ ಬಿದ್ದು ಬೀದಿ ಕೆಸರಾದರೆ ಕಾಲು ಜಾರುವುದು. ಸಾವಿರ ಜನ ಹಗ್ಗ ಹಿಡಿದಿದ್ದರೂ ತೇರು ಕದಲದು. ಆಗ ಮರಳು ಚೆಲ್ಲುವ ಹಿರಿಯರಿಗೆ ನ್ಯೂಟನ್ನನ ಹೆಸರು ತಿಳಿಯದಿದ್ದರೂ ನಿಯಮವು ಚೆನ್ನಾಗಿ ತಿಳಿದಿದೆ.

2025ರ ಆಗಸ್ಟ್ 10ರಂದು ಉದ್ಘಾಟನೆಯಾದ, ಆರ್.ವಿ. ರಸ್ತೆಯಿಂದ ರಾಗಿಗುಡ್ಡ, ಬಿ.ಟಿ.ಎಂ. ಬಡಾವಣೆಗಳ ಮಾರ್ಗವಾಗಿ ಬೊಮ್ಮಸಂದ್ರಕ್ಕೆ ಹೋಗುವ ಮೆಟ್ರೋ ರೈಲಿನಲ್ಲಿ ತಮ್ಮಲ್ಲಿ ಅನೇಕರು ಕುಳಿತಿರಬಹುದು. ಅಲ್ಲಿಯೂ ಇದೇ ಸಂಗತಿ. ಯಂತ್ರವು ಗಾಲಿಯನ್ನು ತಿರುಗಿಸುವುದಷ್ಟೆ. ಗಾಲಿಯು ಹಳಿಯನ್ನು ಹಿಂದಕ್ಕೆ ತಳ್ಳಲು, ಹಳಿಯು ಗಾಲಿಯನ್ನು ಮುಂದಕ್ಕೆ ತಳ್ಳುವುದು. ಹಳಿಯ ಮೇಲೆ ಬಿದ್ದ ಬಲವು ಭೂಮಿಗೆ ಸೇರಿತು. ಭೂಮಿಯ ಮಹಾಭಾರದ ಮುಂದೆ ಅದರ ಫಲವು ಕಾಣದು.

ನೆಲವಾಗಲಿ ಹಳಿಯಾಗಲಿ ಇಲ್ಲದೆಡೆ ಏನು ಗತಿ? ಹೈದರನ ಮತ್ತು ಟಿಪ್ಪುವಿನ ಸೈನ್ಯದವರು ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಹಾರಿಸಿದ ಮೈಸೂರಿನ ರಾಕೆಟ್ಟುಗಳೇ ಇದಕ್ಕೆ ಉತ್ತರ. ಕೊಳವೆಯು ಹೊಗೆಯನ್ನು ಹಿಂದಕ್ಕೆ ನೂಕುವುದು, ಹೊಗೆಯು ಕೊಳವೆಯನ್ನು ಮುಂದಕ್ಕೆ ನೂಕುವುದು. ಹೊರಗಿನ ಗಾಳಿಯ ಹಂಗಿಲ್ಲ. ಇದನ್ನರಿಯದೆ 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು, ನಿರ್ವಾತದಲ್ಲಿ ರಾಕೆಟ್ಟು ನಡೆಯದೆಂದು ಗಾಡರ್ಡ್ ಎಂಬ ವಿಜ್ಞಾನಿಯನ್ನು ಹಾಸ್ಯಮಾಡಿತು; 1969ರ ಜುಲೈಯಲ್ಲಿ, ಮನುಷ್ಯರು ಚಂದ್ರನೆಡೆಗೆ ಹೊರಟ ಮರುದಿನ, ತಿದ್ದುಪಡಿಯನ್ನು ಪ್ರಕಟಿಸಿತು. 2023ರ ಆಗಸ್ಟ್ 23ರಂದು ನಮ್ಮ ದೇಶದ ವಿಕ್ರಮ ನೌಕೆಯು ಚಂದ್ರನಲ್ಲಿಳಿದಾಗ ಅಲ್ಲಿ ಆತುಕೊಳ್ಳಲು ಗಾಳಿಯಿರಲಿಲ್ಲ, ಕೊಡೆಯಂತೆ ಅರಳುವ ಬಟ್ಟೆಯಿಂದ ಪ್ರಯೋಜನವೂ ಇರಲಿಲ್ಲ. ನೌಕೆಯು ತನ್ನೊಳಗಿನ ಅನಿಲವನ್ನೇ ಕೆಳಕ್ಕೆ ನೂಕಿತು. ಆ ಅನಿಲವು ನೌಕೆಯನ್ನು ಮೇಲಕ್ಕೆ ನೂಕಿ, ಬೀಳುವ ವೇಗವನ್ನು ತಗ್ಗಿಸಿ ಮೆಲ್ಲನೆ ಇಳಿಸಿತು.