ಕಂಬಾಲಪಲ್ಲಿಯ ಬೆಂಕಿ: ಇಟ್ಟವರ ಹೆಸರು ಎಲ್ಲಿ?

(ಮುದ್ರಕರು ಮತ್ತು ಕನ್ನಡ ಕಾರ್ಯಕರ್ತರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



2000ನೇ ಇಸವಿ ಮಾರ್ಚ್ 11. ಅಂದಿನ ಕೋಲಾರ ಜಿಲ್ಲೆ, ಚಿಂತಾಮಣಿ ತಾಲ್ಲೂಕು, ಕಂಬಾಲಪಲ್ಲಿ. ದಲಿತರ ಮನೆಗೆ ಬೆಂಕಿ ಬಿತ್ತು. ಹೊರಗಿನಿಂದ ಬಾಗಿಲು ಭದ್ರ ಮಾಡಿ ಬೆಂಕಿ ಹಚ್ಚಿದರೆಂದು ಅಂದಿನ ಪತ್ರಿಕೆಗಳೆಲ್ಲ ಬರೆದವು. ಏಳು ಮಂದಿ ಸುಟ್ಟು ಸತ್ತರು. ಎಸ್.ಎಂ. ಕೃಷ್ಣ ಅವರ ಸರ್ಕಾರ ಬಂದು ಆಗಿನ್ನೂ ಐದು ತಿಂಗಳು. ಇಡೀ ರಾಜ್ಯ ಬೆಚ್ಚಿಬಿತ್ತು. ಬೀದಿ ಬೀದಿಯಲ್ಲಿ ಮೆರವಣಿಗೆ, ಧರಣಿ. ಪತ್ರಿಕೆಗಳ ಮುಖಪುಟದಲ್ಲಿ ಕರಿ ಗೋಡೆಗಳ ಚಿತ್ರ.

2006ರ ಡಿಸೆಂಬರಿನಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು. ಕಣ್ಣಾರೆ ಕಂಡೆವು ಎಂದಿದ್ದವರೆಲ್ಲ ಕಟಕಟೆಯಲ್ಲಿ ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟು ಆ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಅಲ್ಲಿಗೆ ಹದಿನಾಲ್ಕು ವರ್ಷ! ಈ ನಡುವೆ ಜಿಲ್ಲೆಯೇ ಎರಡಾಗಿ, 2007ರಿಂದ ಆ ಊರು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು. ಆದರೆ ಬೆಂಕಿ ಇಟ್ಟವರು ಯಾರು ಎಂಬ ಪ್ರಶ್ನೆ ಮಾತ್ರ ಇದ್ದಲ್ಲೇ ಇದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನ್ಯಾಯಾಲಯ ಬಿಟ್ಟವರನ್ನು ಅಪರಾಧಿಗಳು ಎಂದು ಕರೆಯಲು ನಾನು ಇಲ್ಲಿ ನಿಂತಿಲ್ಲ. ಬೆಂಕಿಗೆ ಮುಂಚೆ ಅದೇ ಊರಿನಲ್ಲಿ ಇನ್ನೊಂದು ಜಾತಿಯ ವಾಟರ್‌ಮನ್ ಒಬ್ಬರ ಕೊಲೆಯೂ ಆಗಿತ್ತು. ಆ ಮನೆಯಲ್ಲೂ ಹೆಂಡತಿ ಮಕ್ಕಳ ಕಣ್ಣೀರು ನೀರೇ, ಬೇರೆ ಏನಲ್ಲ. ಜಗಳ ಒಂದೇ ದಿನದ್ದೂ ಅಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಸರಳ. ಇವರು ಇಟ್ಟಿಲ್ಲ ಎಂದಾದರೆ ಇಟ್ಟವರು ಯಾರು? ಬಿಡುಗಡೆ ಆಯಿತೆಂದು ಕೇಸಿನ ಕಟ್ಟು ಕಟ್ಟಿ ಅಟ್ಟಕ್ಕೆ ಎಸೆದುಬಿಟ್ಟರೆ ಏಳು ಹೆಣಗಳಿಗೆ ಲೆಕ್ಕ ಹೇಳುವವರು ಯಾರು?

ನಾನು ಪಿಯುಸಿವರೆಗೆ ಓದಿದವನು, ವಕೀಲನಲ್ಲ. ಅಚ್ಚಿನ ಕೆಲಸ ನನ್ನದು. ಆ ವರ್ಷ ಕಾಲೇಜು ಬಿಟ್ಟು ಅಪ್ಪನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವುದು ಕಲಿಯುತ್ತಿದ್ದೆ. ಟ್ರೆಡಲ್ ಮಿಷನ್ನು. ದಲಿತ ಸಂಘಟನೆಯ ಹುಡುಗರು ಕರಪತ್ರ ಹಾಕಿಸಲು ಬಂದರು. ಅಪ್ಪ ಕೇಳಿದರು, "ಯಾರ್ಯಾರ ಹೆಸರು ಹಾಕ್ಬೇಕಪ್ಪಾ?" ಅವರಲ್ಲೊಬ್ಬ ಹೇಳಿದ, "ಸತ್ತೋರ ಹೆಸರು ಹಾಕಿ ಯಜಮಾನ್ರೇ. ಬೆಂಕಿ ಇಟ್ಟೋರ ಹೆಸರು ಕೋರ್ಟು ಹಾಕ್ತದೆ."

ಅಂದಿದ್ದ 1867ರ ಮುದ್ರಣ ಕಾಯ್ದೆಯ ಪ್ರಕಾರ ಅಚ್ಚಾಗುವ ಕಾಗದದ ಮೇಲೆ ಮುದ್ರಕನ ಹೆಸರು, ಊರು ಇರಲೇಬೇಕಿತ್ತು. ಆ ಕರಪತ್ರದ ಕೆಳಗೆ ಸಣ್ಣ ಮೊಳೆಯಲ್ಲಿ ನಮ್ಮ ಪ್ರೆಸ್ಸಿನ ಹೆಸರು ಬಿತ್ತು. ನೋಡಿ ಸ್ವಾಮಿ, ನೂರು ರೂಪಾಯಿಯ ಕರಪತ್ರಕ್ಕೆ ಹೊಣೆಗಾರ ಬೇಕು, ಏಳು ಜೀವ ತೆಗೆದ ಬೆಂಕಿಗೆ ಬೇಡವಂತೆ!

"ಸಾಕ್ಷಿಗಳೇ ತಿರುಗಿಬಿದ್ದರಲ್ಲ, ಇನ್ನೇನು ಮಾಡೋದು" ಎಂದು ಕೈಯೊರೆಸಿಕೊಳ್ಳುವವರು ಬಹಳ ಮಂದಿ. ಪಟ್ಟಣದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಹೀಗೆ ಹೇಳುವುದು ಸುಲಭ. ಸ್ವಲ್ಪ ಹಳ್ಳಿಯ ಕಡೆ ಬನ್ನಿ. ಸಾಕ್ಷಿ ಹೇಳುವವನು ಕೂಲಿಗೆ ಹೋಗುವುದು ಯಾರ ಹೊಲಕ್ಕೆ? ಬೋರ್‌ವೆಲ್ ಯಾರದು? ರಾಗಿ ಬೀಸುವ ಮಿಲ್ಲು ಯಾರದು? ಮಗಳ ಮದುವೆಗೆ ಸಾಲ ಕೊಟ್ಟವರು ಯಾರು? ಹತ್ತು ಜನ ಪೊಲೀಸರು ಊರ ಬಾಗಿಲಲ್ಲಿ ಕೂತಿರುತ್ತಾರೆ, ಎಷ್ಟು ದಿನ? ವ್ಯಾನು ಹೋದ ಮೇಲೆ ಅವನು ಅದೇ ಬೀದಿಯಲ್ಲಿ ಬದುಕಬೇಕು. ಬೆಂಕಿಗೂ ತೀರ್ಪಿಗೂ ನಡುವೆ ಆರು ವರ್ಷ ಹೋಯಿತು. ಅಷ್ಟು ವರ್ಷ ದಿನಾ ಬೆಳಗಾದರೆ ಅದೇ ಮುಖಗಳನ್ನು ನೋಡುತ್ತಾ ಬದುಕಿದವನ ಎದೆಯಲ್ಲಿ ಏನು ಉಳಿದಿರುತ್ತದೆ ಎಂದು ನೀವೇ ಹೇಳಿ. ದುಡ್ಡು ತಿಂದರು ಎನ್ನುವವರು ಮೊದಲು ಹೆದರಿಕೆಯ ಲೆಕ್ಕ ಹಾಕಲಿ.

ಕಾನೂನು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಬ್ಬ ವಕೀಲ ಮಿತ್ರರ ಹತ್ತಿರ ಕೂತು ಕೇಳಿ ತಿಳಿದುಕೊಂಡೆ. ಪೊಲೀಸರು ಸಾಕ್ಷಿಯನ್ನು ಕೇಳಿ ಬರೆದುಕೊಳ್ಳುತ್ತಾರಲ್ಲ, ಅದಕ್ಕೆ ಸಾಕ್ಷಿಯ ಸಹಿಯೇ ಇರುವುದಿಲ್ಲ. ಕೋರ್ಟಿನಲ್ಲಿ ಅದು ಪುರಾವೆ ಅಲ್ಲ. "ನಾನು ಹಾಗೆ ಹೇಳಿಲ್ಲ" ಎಂದು ಅವನು ಒಂದು ಮಾತು ಅಂದರೆ ಆ ಹಾಳೆ ಬರೀ ಹಾಳೆ. ಮ್ಯಾಜಿಸ್ಟ್ರೇಟರ ಎದುರು ಪ್ರಮಾಣ ಮಾಡಿ ಕೊಟ್ಟ ಹೇಳಿಕೆಗೆ ತೂಕ ಹೆಚ್ಚು. ಆದರೆ ಕೊನೆಗೆ ನ್ಯಾಯಾಧೀಶರು ನೆಚ್ಚುವುದು ಕಟಕಟೆಯಲ್ಲಿ ನಿಂತು ಆಡಿದ ಮಾತನ್ನೇ.

ವಿಜ್ಞಾನ ಇಲ್ಲವೇ ಎಂದು ಕೇಳಬಹುದು. ಇದೆ. ಶ್ವಾಸನಾಳದಲ್ಲಿ ಮಸಿ ಇದ್ದರೆ ಬೆಂಕಿ ಬಿದ್ದಾಗ ಮನುಷ್ಯ ಜೀವಂತವಾಗಿದ್ದ ಎಂದು ಶವಪರೀಕ್ಷೆ ಹೇಳುತ್ತದೆ. ಸುಟ್ಟ ಬಾಗಿಲ ಚಿಲಕ ಹಾಕಿತ್ತೇ ತೆಗೆದಿತ್ತೇ ಎಂದು ಕಬ್ಬಿಣ ಹೇಳುತ್ತದೆ. ಸೀಮೆಎಣ್ಣೆಯೋ ಪೆಟ್ರೋಲೋ ಎಂದು ಪ್ರಯೋಗಾಲಯ ಹೇಳುತ್ತದೆ. ಆದರೆ ಮಣ್ಣು, ಬಟ್ಟೆಚೂರುಗಳನ್ನು ಕೂಡಲೇ ಗಾಳಿಯಾಡದ ಡಬ್ಬಿಯಲ್ಲಿ ತುಂಬಿರಬೇಕು. ಸಾದಾ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಎಣ್ಣೆಯ ಆವಿ ಹಾರಿಹೋಗುತ್ತದೆ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಯಾವ ಎಣ್ಣೆ ಎಂದು ತಿಳಿಯುತ್ತದೆಯೇ ಹೊರತು ಸುರಿದ ಕೈ ಯಾವುದು ಎಂದಲ್ಲ. ಕೈಯನ್ನು ತೋರಿಸಬೇಕಾದದ್ದು ಕಂಡವನೇ. ಅದಕ್ಕೇ ಅವನನ್ನು ಕಾಯಬೇಕು ಎನ್ನುವುದು.

ಇದು ನಮ್ಮೊಬ್ಬರ ಕಥೆಯಲ್ಲ. 1968ರ ಡಿಸೆಂಬರ್ 25ರಂದು ತಮಿಳುನಾಡಿನ ತಂಜಾವೂರು ಸೀಮೆಯ ಕೀಳ್‌ವೆಣ್ಮಣಿಯಲ್ಲಿ ಕೂಲಿ ಹೆಚ್ಚು ಕೇಳಿದ ದಲಿತರ 44 ಮಂದಿಯನ್ನು ಗುಡಿಸಲಿನಲ್ಲಿ ಸುಟ್ಟರು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟರೂ ಮದ್ರಾಸ್ ಹೈಕೋರ್ಟು ಬಿಡುಗಡೆ ಮಾಡಿತು. ಶ್ರೀಮಂತ ಜಮೀನುದಾರರು ತಾವೇ ನಡೆದುಹೋಗಿ ಬೆಂಕಿ ಇಟ್ಟರೆಂದು ನಂಬುವುದು ಕಷ್ಟ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿತ್ತು. ಓದಿದಾಗ ನನಗೆ ಮೈ ಉರಿಯಿತು.

ಗುಜರಾತಿನ ವಡೋದರದ ಬೆಸ್ಟ್ ಬೇಕರಿ ನೋಡಿ. 2002ರ ಮಾರ್ಚ್ 1, 14 ಮಂದಿ ಸತ್ತರು. ಸಾಕ್ಷಿಗಳು ತಿರುಗಿದರು, 2003ರಲ್ಲಿ 21 ಆರೋಪಿಗಳೂ ಬಿಡುಗಡೆ. ಆದರೆ ಅಲ್ಲಿಗೆ ನಿಲ್ಲಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೇ ಸುಪ್ರೀಂ ಕೋರ್ಟಿಗೆ ಹೋಯಿತು. 2004ರಲ್ಲಿ ಸುಪ್ರೀಂ ಕೋರ್ಟು ಇಡೀ ವಿಚಾರಣೆಯನ್ನು ಮಹಾರಾಷ್ಟ್ರದಲ್ಲಿ ಹೊಸದಾಗಿ ಮಾಡಿ ಎಂದಿತು. 2006ರಲ್ಲಿ ಮುಂಬಯಿ ಕೋರ್ಟು ಒಂಬತ್ತು ಮಂದಿಗೆ ಜೀವಾವಧಿ ಕೊಟ್ಟಿತು. 2012ರಲ್ಲಿ ಹೈಕೋರ್ಟು ಅವರಲ್ಲಿ ನಾಲ್ವರ ಶಿಕ್ಷೆ ಉಳಿಸಿ ಐವರನ್ನು ಬಿಟ್ಟಿತು. ಪೂರ್ಣ ನ್ಯಾಯ ಅಂತ ನಾನು ಹೇಳುವುದಿಲ್ಲ. ಆದರೆ ಒಮ್ಮೆ ಮುಚ್ಚಿದ ಬಾಗಿಲು ತೆರೆಯಿತಲ್ಲ! 2006ರಲ್ಲೇ ಕೋಲಾರದಲ್ಲಿ ಬಿಡುಗಡೆ ಆದಾಗ ನಮ್ಮ ಕಂಬಾಲಪಲ್ಲಿಯನ್ನು ಬೇರೆ ಕಡೆ ಹೊಸದಾಗಿ ವಿಚಾರಣೆ ಮಾಡಿ ಎಂದು ಅಷ್ಟೇ ಗಟ್ಟಿಯಾಗಿ ಹಿಡಿದು ಕೂತ ಆಯೋಗ ಯಾವುದು? ಮಂತ್ರಿ ಯಾರು?

ನಮ್ಮ ರಾಜ್ಯದಲ್ಲೇ ಇನ್ನೊಂದು ನಡೆದಿದೆ. ಹೈಕೋರ್ಟು ಕಂಬಾಲಪಲ್ಲಿಯ ತೀರ್ಪು ಕೊಟ್ಟ ಅದೇ 2014ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮೇಲ್ಮನವಿ ಹೈಕೋರ್ಟಿಗೆ ಹೋಗಿ ಹೆಚ್ಚಿನವರಿಗೆ ಜಾಮೀನು ಸಿಕ್ಕಿತು, ಅದು ಬೇರೆ ಮಾತು. ಆದರೂ ಸಾಕ್ಷಿ ನಿಂತರೆ ಏನಾಗುತ್ತದೆಂದು ಕಣ್ಣೆದುರಿಗೆ ಬಂತು.

ಈಗ ಕಾಯ್ದೆಗಳಿಗೆ ಕೊರತೆಯಿಲ್ಲ. ದೌರ್ಜನ್ಯ ತಡೆ ಕಾಯ್ದೆಗೆ ತಿದ್ದುಪಡಿಯಾಗಿ 2016ರ ಜನವರಿಯಿಂದ ಸಂತ್ರಸ್ತರಿಗೂ ಸಾಕ್ಷಿಗಳಿಗೂ ರಕ್ಷಣೆಯ ಹಕ್ಕು ಬಂದಿದೆ. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ರಕ್ಷಣಾ ಯೋಜನೆಯನ್ನು ದೇಶಕ್ಕೆಲ್ಲ ಅನ್ವಯಿಸಿತು. ಅದರಡಿ ಸಾಕ್ಷಿಗೆ ಕಾವಲು ಕೊಡಬಹುದು, ಮನೆ ಬದಲಿಸಿಕೊಡಬಹುದು, ಬಾಗಿಲು ಮುಚ್ಚಿ ವಿಚಾರಣೆ ಮಾಡಬಹುದು. ಅರ್ಜಿ ತೀರ್ಮಾನಿಸುವುದು ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ. 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯೂ ಪ್ರತಿ ರಾಜ್ಯ ಇಂಥ ಯೋಜನೆ ಮಾಡಲೇಬೇಕು ಎನ್ನುತ್ತದೆ. ನಿಮ್ಮ ಹಳ್ಳಿಯಲ್ಲಿ ಇದು ಎಷ್ಟು ಜನಕ್ಕೆ ಗೊತ್ತು? ಅರ್ಜಿ ಯಾರಿಗೆ ಕೊಡಬೇಕೆಂದು ಠಾಣೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದದ್ದನ್ನು ಎಲ್ಲಾದರೂ ನೋಡಿದ್ದೀರಾ?

ಕನ್ನಡದ ಮಾತು ಬಂತು. ಕೆಳಗಿನ ಕೋರ್ಟಿನಲ್ಲಿ ಸಾಕ್ಷಿಯ ಮಾತು ಕನ್ನಡದಲ್ಲಿ ದಾಖಲಾಗುತ್ತದೆ. ಹೈಕೋರ್ಟಿಗೆ ಹೋದ ಕೂಡಲೇ ಎಲ್ಲ ಇಂಗ್ಲಿಷು. 2024ರ ಡಿಸೆಂಬರಿನಲ್ಲಿ ಹೈಕೋರ್ಟಿನ ಒಂದು ಪೀಠ ಕನ್ನಡದಲ್ಲಿ ತೀರ್ಪು ಓದಿತು, ಸಂತೋಷಪಟ್ಟೆವು. ಆದರೆ ಮನೆ ಸುಟ್ಟುಕೊಂಡವರು ತಮ್ಮ ಕೇಸು ಏಕೆ ಬಿದ್ದುಹೋಯಿತೆಂದು ತಾವೇ ಓದಿ ತಿಳಿಯುವಂತಿಲ್ಲ ಎಂದರೆ ಇದು ಯಾವ ನ್ಯಾಯ?

ಈ ಪತ್ರಿಕೆ ಓದುವವರಲ್ಲಿ ವಕೀಲರಿದ್ದೀರಿ, ಕಾನೂನು ವಿದ್ಯಾರ್ಥಿಗಳಿದ್ದೀರಿ. 2006ರ ತೀರ್ಪು, 2014ರ ತೀರ್ಪು ಎರಡರ ದೃಢೀಕೃತ ಪ್ರತಿ ತೆಗೆಸಿ. ಇಂಗ್ಲಿಷಿನಲ್ಲಿರುವುದನ್ನು ಸುಲಭ ಕನ್ನಡಕ್ಕೆ ತಂದುಕೊಡಿ. ಸಾಕ್ಷಿ ರಕ್ಷಣೆಗೆ ಅರ್ಜಿ ಹಾಕುವ ಬಗೆಯನ್ನೂ ಎರಡು ಪುಟದಲ್ಲಿ ಬರೆದು ಸೇರಿಸಿ. ಪುಸ್ತಕ ಮಾಡೋಣ. ಕಂಪೋಸಿಂಗು, ಅಚ್ಚು ನನ್ನದು, ಕಾಗದದ ಖರ್ಚು ಮಾತ್ರ ಕೊಟ್ಟರೆ ಸಾಕು. ಸಾವಿರ ಪ್ರತಿ ಹಾಕಿ ಚಿಂತಾಮಣಿ ತಾಲ್ಲೂಕಿನ ಪ್ರತಿ ಪಂಚಾಯತಿಗೂ ತಲುಪಿಸೋಣ. ಬರೆದುಕೊಡುವವರು ಪತ್ರಿಕೆಯ ಕಚೇರಿಗೆ ಒಂದು ಕಾರ್ಡು ಹಾಕಿ.