ಉಪಗ್ರಹದ ಹಸಿರು, ನೆಲದ ತಾಳೆ



ಉಪಗ್ರಹಕ್ಕೆ ಸಿಗುವುದು ಎಲೆಯಲ್ಲ, ಎಲೆಯಿಂದ ಮರಳಿದ ಬೆಳಕು. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಗೆಂಪನ್ನು ಬಹಳಷ್ಟು ಹಿಂದಕ್ಕೆ ಕಳಿಸುತ್ತದೆ. ಇವೆರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ ಎಂಬ ಹಸಿರು ಸೂಚ್ಯಂಕ ಬರುತ್ತದೆ. 1972ರಲ್ಲಿ ಹಾರಿದ ಮೊದಲ ಲ್ಯಾಂಡ್‌ಸ್ಯಾಟ್ ಕಾಲದಿಂದ ಇದು ಬಳಕೆಯಲ್ಲಿದೆ. ಹೊಲದ ಬೆಳೆಗೆ ಚೆನ್ನಾಗಿ ಒಗ್ಗುವ ಈ ಲೆಕ್ಕ ದಟ್ಟ ಕಾಡಿನಲ್ಲಿ ಒಂದು ಹಂತಕ್ಕೆ ನಿಂತುಬಿಡುತ್ತದೆ; ಆಮೇಲೆ ಎಲೆ ಎಷ್ಟು ಹೆಚ್ಚಿದರೂ ಸಂಖ್ಯೆ ಏರದು.

ಅಂಕಿಯನ್ನು ನೆಲಕ್ಕೆ ತಂದು ತಾಳೆ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆಜಾನ್ ಕಾಡಿನ ಜಗಳವೇ ಸಾಕು. ಮಳೆ ಕಡಿಮೆಯಾಗುವ ತಿಂಗಳುಗಳಲ್ಲಿ ಅಲ್ಲಿನ ಕಾಡು ಇನ್ನಷ್ಟು ಹಸಿರಾಗುತ್ತದೆ ಎಂದು 2006ರಲ್ಲಿ ಮೋಡಿಸ್ ಎಂಬ ಉಪಗ್ರಹ ಉಪಕರಣದ ಚಿತ್ರಗಳನ್ನು ಆಧರಿಸಿ ಪ್ರಕಟವಾಯಿತು. ಮರುವರ್ಷ, 2005ರ ಬರದಲ್ಲೂ ಹಾಗೇ ಆಯಿತು ಎಂಬ ಲೇಖನ ಬಂತು. 2010ರಲ್ಲಿ ಇನ್ನೊಂದು ತಂಡ, ಮೋಡ ಮತ್ತು ಹೊಗೆಯಿಂದ ಕೆಟ್ಟ ದತ್ತಾಂಶ ತೆಗೆದರೆ ಬರಗಾಲದ ಆ ಹಸಿರು ಉಳಿಯುವುದಿಲ್ಲ ಎಂದಿತು. 2014ರಲ್ಲಿ ಬಂದ ತಕರಾರು ಇನ್ನೂ ಮೂಲದ್ದು: ಋತು ಬದಲಾದಂತೆ ಸೂರ್ಯನ ಕೋನ ಬದಲಾಗಿ ಉಪಗ್ರಹಕ್ಕೆ ಮರಗಳ ನೆರಳು ಕಡಿಮೆ ಕಾಣುತ್ತದೆ, ಅದನ್ನೇ ನೀವು ಹಸಿರೆಂದಿರಿ! ಸೂರ್ಯನಿಗೆ ಬೆನ್ನು ಮಾಡಿ ಒಮ್ಮೆ, ಎದುರಾಗಿ ಒಮ್ಮೆ ಅಡಿಕೆ ತೋಟ ನೋಡಿದವರಿಗೆ ಈ ಮಾತು ವಿವರಿಸಬೇಕಿಲ್ಲ.

ವಾದ ತಿಳಿಯಾದದ್ದು ಕಾಡಿನೊಳಗೆ. ಮರಗಳಿಗಿಂತ ಎತ್ತರದ ಗೋಪುರಗಳಲ್ಲಿ ಕ್ಯಾಮೆರಾ ಇಟ್ಟು ಸಂಶೋಧಕರು ಒಂದೊಂದೇ ಮರದ ನೆತ್ತಿಯನ್ನು ಗಮನಿಸಿದರು. ಮಳೆ ಕಡಿಮೆಯ ತಿಂಗಳುಗಳಲ್ಲಿ ಹಳೆಯ ಎಲೆ ಉದುರಿ ಹೊಸತು ಚಿಗುರುತ್ತಿತ್ತು. ಎಲೆಯ ಮೊತ್ತ ಹೆಚ್ಚು ಬದಲಾಗದೆ ಎಲೆಯ ವಯಸ್ಸು ಬದಲಾಗಿತ್ತು. ಹೊಸದಾಗಿ ಬಲಿತ ಎಲೆಗೆ ಹಳೆಯದಕ್ಕಿಂತ ದ್ಯುತಿಸಂಶ್ಲೇಷಣೆಯ ಶಕ್ತಿಯೂ ಹೆಚ್ಚು. 2016ರ ಈ ಉತ್ತರದಲ್ಲಿ ಎರಡೂ ಕಡೆಯವರಿಗೆ ಪಾಲಿತ್ತು. ಹತ್ತು ವರ್ಷದ ವಾದವನ್ನು ಇಷ್ಟು ಮುಂದೆ ತಂದದ್ದು ಗೋಪುರಕ್ಕೆ ಕಟ್ಟಿದ ಕ್ಯಾಮೆರಾ ಎಂಬುದು ನನಗೆ ಬಹಳ ಖುಷಿಯ ಸಂಗತಿ.

ನೆಲದ ಅಳತೆಯೂ ಸುಲಭವಲ್ಲ. ಒಂದು ಚದರ ಮೀಟರ್ ನೆಲದ ಮೇಲೆ ಎಷ್ಟು ಚದರ ಮೀಟರ್ ಎಲೆ ಇದೆ ಎಂದು ತಿಳಿಯಲು ಎಲೆ ಕಿತ್ತು ಅಳೆಯಬೇಕು, ಇಲ್ಲವೇ ಬಲೆಬುಟ್ಟಿ ಇಟ್ಟು ಉದುರಿದ್ದನ್ನು ಕೂಡಿಸಬೇಕು. ಹೆಚ್ಚಿನವರು ಮೀನುಗಣ್ಣಿನ ಲೆನ್ಸನ್ನು ಮೇಲ್ಮುಖವಾಗಿಟ್ಟು ಚಿತ್ರ ತೆಗೆದು, ಎಲೆಗಳ ಸಂದಿನಲ್ಲಿ ಕಾಣುವ ಆಕಾಶದಿಂದ ಲೆಕ್ಕ ಹಾಕುತ್ತಾರೆ. ಆ ಲೆಕ್ಕಕ್ಕೆ ಕೊಂಬೆಯೂ ಎಲೆಯೇ. ಎಲೆ ಗೊಂಚಲಾಗಿದ್ದರೆ ಮೊತ್ತ ಕಡಿಮೆ ಬರುತ್ತದೆ. ಮೇಲಾಗಿ ಮೋಡಿಸ್ ಚಿತ್ರದ 500 ಮೀಟರ್ ಚೌಕವೊಂದೇ ಸುಮಾರು 62 ಎಕರೆ. ಅಷ್ಟನ್ನೂ ಅಳೆಯುವವರಾರು? ಅಲ್ಲಲ್ಲಿ ಸಣ್ಣ ತಾಕುಗಳನ್ನು ಅಳೆದು, ಸೂಕ್ಷ್ಮ ವಿವರದ ಚಿತ್ರವೊಂದನ್ನು ನಡುವೆ ಮೆಟ್ಟಿಲಾಗಿ ಬಳಸಿ ದೊಡ್ಡ ಚೌಕಕ್ಕೆ ಹತ್ತುತ್ತಾರೆ. ಇಂಥ ಕೆಲಸಕ್ಕೆ ಭೂವೀಕ್ಷಣೆಯ ಅಂತರರಾಷ್ಟ್ರೀಯ ಸಮಿತಿ ನಾಲ್ಕು ಹಂತಗಳನ್ನು ಗೊತ್ತುಮಾಡಿದೆ. ಮೊದಲ ಹಂತಕ್ಕೆ ಕೆಲವೇ ಜಾಗಗಳ ತಾಳೆ ಸಾಕು. ‘ಪರಿಶೀಲಿಸಿದ ದತ್ತಾಂಶ’ ಎಂದು ಓದಿದಾಗ ಯಾವ ಹಂತ ಎಂದೂ ಕೇಳಬೇಕು.

ಇನ್ನು ನಮ್ಮ ಕಡೆಗೆ ಬರೋಣ. ಭಾರತೀಯ ಅರಣ್ಯ ಸರ್ವೇಕ್ಷಣೆಯ ವರದಿಯಲ್ಲಿ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇ. 10ರಷ್ಟಾದರೂ ಮರದ ನೆತ್ತಿ ಕವಿದ ಜಾಗವೆಲ್ಲ ಅರಣ್ಯ ಹೊದಿಕೆ; ಒಡೆತನ ಯಾರದು, ಮರ ಯಾವುದು ಎಂಬ ಭೇದವಿಲ್ಲ. ಹೀಗಾಗಿ ಕೊಡಗಿನ ನೆರಳುಮರಗಳ ಕಾಫಿ ತೋಟವೂ ಆ ಲೆಕ್ಕದೊಳಗೆ ಬರುತ್ತದೆ. ಇಲ್ಲಿ ಉಪಗ್ರಹದ ತಪ್ಪೇನೂ ಇಲ್ಲ. ತೋಟ ಯಾವುದು, ಕಾಡು ಯಾವುದು ಎಂಬುದನ್ನು ನೆಲದಲ್ಲಿ ನಿಂತವರೇ ಬರೆದಿಡಬೇಕು.

ಅದಕ್ಕಾಗಿ ನಮ್ಮ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳು ಹತ್ತಿರದ ಕಾಡಿನಲ್ಲೋ ತೋಟದಲ್ಲೋ ಒಂದೊಂದು ತಾಕು ಗುರುತಿಸಿ, ಅನುಮತಿ ಪಡೆದು, ಪ್ರತಿ ಋತುವಿನಲ್ಲೂ ಎಲೆ ಅಳೆದು, ಅಂಕಿಗಳನ್ನು ಯಾರು ಕೇಳಿದರೂ ಸಿಗುವಂತೆ ಇಡಬೇಕೆಂದು ಕೇಳಿಕೊಳ್ಳುತ್ತೇನೆ.